ನಂದಿ ಬೆಟ್ಟದ ಬುಡದಲ್ಲಿ ಬಿಳಿ ವೈನ್: ಮೂರು ದಿನದ ಸುತ್ತಾಟ

ಬಿಳಿ ವೈನಿನ ರುಚಿ ತಿಳಿಯಲೆಂದು ಚಿಕ್ಕಬಳ್ಳಾಪುರದ ಕಡೆ ಬರುವವರು ಫೆಬ್ರವರಿಯಲ್ಲಿ ಬಂದರೆ ಒಳ್ಳೆಯದು. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಇಲ್ಲಿ ವೈನ್ ದ್ರಾಕ್ಷಿಯ ಕೊಯ್ಲು. ಅದರಲ್ಲೂ ಮೊದಲು ಕ್ರೇಟಿಗೆ ಬೀಳುವುದು ಬಿಳಿ ತಳಿಗಳೇ. ಜುಲೈ, ಆಗಸ್ಟ್‌ನಲ್ಲಿ ಬಂದರೆ ಬೆಟ್ಟದ ಮೇಲೆ ಮಂಜೇನೋ ಸಿಗುತ್ತದೆ, ಬಳ್ಳಿಯಲ್ಲಿ ಎಲೆ ಬಿಟ್ಟರೆ ನೋಡಲು ಏನೂ ಇರುವುದಿಲ್ಲ.

ಇಲ್ಲಿ ಹೇಳಹೊರಟಿರುವುದು ಸೋವಿನ್ಯೋನ್ ಬ್ಲಾಂಕ್, ಶೆನಿನ್ ಬ್ಲಾಂಕ್ ತಳಿಗಳಿಂದ ಮಾಡುವ ಚುರುಕು ಹುಳಿಯ ವೈನಿನ ವಿಷಯ. ಟೇಸ್ಟಿಂಗ್ ರೂಮಿನವರು ‘ಕ್ರಿಸ್ಪ್’ ಅನ್ನುತ್ತಾರಲ್ಲ, ಅದು. ಇದರ ಜೀವವೆಲ್ಲ ಹುಳಿಯಲ್ಲಿದೆ, ಆ ಹುಳಿಯನ್ನು ಕಾಯುವುದು ತಂಪು. ಬಳ್ಳಿಗೆ ರಾತ್ರಿಯ ತಂಪು, ಹಣ್ಣಿಗೆ ಮುಂಜಾವಿನ ತಂಪು, ರಸಕ್ಕೆ ಟ್ಯಾಂಕಿನ ತಂಪು, ಕುಡಿಯುವ ಹೊತ್ತಿಗೆ ಗ್ಲಾಸಿನ ತಂಪು. ಮೂರು ದಿನವೂ ಇದನ್ನೇ ಹಿಂಬಾಲಿಸಿಕೊಂಡು ಹೋದರೆ ಸಾಕು, ಬೇರೆ ಪಾಠ ಬೇಕಾಗಿಲ್ಲ.

ಮೊದಲ ದಿನ: ಚಪ್ಪರದ ದ್ರಾಕ್ಷಿ, ತಂತಿಯ ದ್ರಾಕ್ಷಿ

ಬೆಂಗಳೂರಿನಿಂದ ದೇವನಹಳ್ಳಿ ದಾಟಿ ಹೆದ್ದಾರಿ 44ರಲ್ಲಿ ಚಿಕ್ಕಬಳ್ಳಾಪುರಕ್ಕೆ ಸುಮಾರು 60 ಕಿಲೋಮೀಟರ್. ಹೊರಡುವ ಮೊದಲೇ ಗಾಡಿ ಓಡಿಸುವವರು ಯಾರೆಂದು ತೀರ್ಮಾನವಾಗಿರಲಿ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಿದರೆ ಕೇಸು. ಟೇಸ್ಟಿಂಗ್‌ನಲ್ಲಿ ತಲಾ 50 ಮಿಲಿಯಂತೆ ಆರು ವೈನ್ ನುಂಗಿದರೆ ಸುಮಾರು 28 ಗ್ರಾಂ ಆಲ್ಕೋಹಾಲ್ ಒಳಗೆ ಹೋಗಿರುತ್ತದೆ. ‘ಬರೀ ರುಚಿ ನೋಡಿದ್ದು ಸಾರ್’ ಅನ್ನುವ ಮಾತು ಪೊಲೀಸರ ಮುಂದೆ ನಡೆಯುವುದಿಲ್ಲ. ಡ್ರೈವರ್ ಇಟ್ಟುಕೊಳ್ಳುವುದು ವಾಸಿ.

ರಸ್ತೆ ಬದಿಯಲ್ಲಿ ಕಣ್ಣಿಗೆ ಬೀಳುವ ದ್ರಾಕ್ಷಿ ತೋಟಗಳಲ್ಲಿ ಬಹುಪಾಲು ವೈನಿನವಲ್ಲ. ಕಲ್ಲುಕಂಬ ನೆಟ್ಟು, ಆಳೆತ್ತರಕ್ಕೆ ತಂತಿ ಎಳೆದು ಮಾಡಿದ ಚಪ್ಪರ ಕಂಡರೆ ಅದು ತಿನ್ನುವ ಹಣ್ಣು: ದಿಲ್‌ಖುಷ್, ಶರದ್, ರೆಡ್ ಗ್ಲೋಬ್, ಇಲ್ಲವೇ ಬೆಂಗಳೂರು ನೀಲಿ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿಯ ಘಮ ತುಂಬ ಗಾಢ. ಜ್ಯೂಸಿಗೆ, ಜ್ಯಾಮಿಗೆ, ಅಗ್ಗದ ಸಿಹಿ ವೈನಿಗೆ ಸರಿ, ನಾವು ಹುಡುಕುವ ವೈನಿಗೆ ಆಗದು.

ವೈನ್ ದ್ರಾಕ್ಷಿ ಸಾಮಾನ್ಯವಾಗಿ ನೇರ ಸಾಲುಗಳಲ್ಲಿ, ತಂತಿಗೆ ಒರಗಿಸಿ ಬೆಳೆಸಿದ ಬಳ್ಳಿಯಲ್ಲಿರುತ್ತದೆ. ಗೊಂಚಲು ಅಂಗೈಯಲ್ಲಿ ಹಿಡಿಸುವಷ್ಟು, ಕಾಯಿ ಬಟಾಣಿಗಿಂತ ಸ್ವಲ್ಪ ದಪ್ಪ, ಒಳಗೆ ಬೀಜ. ತಿನ್ನುವ ಹಣ್ಣಿಗಿಂತ ಸಿಹಿ ಜಾಸ್ತಿ, ಹುಳಿಯೂ ಜಾಸ್ತಿ. ಯುರೋಪಿನಲ್ಲಿ ಚಳಿಗಾಲ ಬಂದಾಗ ಬಳ್ಳಿ ತಾನೇ ನಿದ್ದೆಗೆ ಜಾರುತ್ತದೆ. ಹದಿಮೂರೂವರೆ ಡಿಗ್ರಿ ಅಕ್ಷಾಂಶದ ಈ ನೆಲದಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಕಡ್ಡಿ ಕತ್ತರಿಸಿ ಬಳ್ಳಿ ಸವರಬೇಕು. ಏಪ್ರಿಲ್ ಸುಮಾರಿಗೆ ಸವರುವುದು ಕಡ್ಡಿ ಬಲಿಯಲೆಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸವರುವುದು ಹಣ್ಣಿಗೆಂದು. ಈ ಎರಡನೆಯದರಿಂದ ಎಣಿಸಿ ನಾಲ್ಕು, ನಾಲ್ಕೂವರೆ ತಿಂಗಳಿಗೆ ಕೊಯ್ಲು. ಮಳೆ ಮುಗಿದ ಮೇಲೆ ಹಣ್ಣು ಮಾಗಲಿ ಅನ್ನುವುದೇ ಲೆಕ್ಕಾಚಾರ. ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಿದ್ದರೆ ಒತ್ತಾದ ಗೊಂಚಲು ಒಳಗಿನಿಂದ ಕೊಳೆಯುತ್ತದೆ, ಅದಕ್ಕೆ ಮೊದಲೇ ಬೂದಿ ರೋಗ, ಡೌನಿ ಎಂಬ ಬೂಷ್ಟು ರೋಗದ ಕಾಟ ಬೇರೆ.

ಹುಳಿಯ ಕಥೆ ಶುರುವಾಗುವುದು ಈ ಗೊಂಚಲಿನಲ್ಲೇ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲ. ಟಾರ್ಟಾರಿಕ್ ಗಟ್ಟಿ ಕುಳ, ಬಿಸಿಲಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಮ್ಯಾಲಿಕ್ ಹಾಗಲ್ಲ. ಕಾಯಿ ಉಸಿರಾಡುವಾಗ ಅದನ್ನೇ ಉರಿಸಿಕೊಳ್ಳುತ್ತದೆ, ಬಿಸಿ ಏರಿದಷ್ಟೂ ವೇಗವಾಗಿ. ಹಗಲು 30 ಡಿಗ್ರಿ ಇದ್ದರೂ ರಾತ್ರಿ 15-16ಕ್ಕೆ ಇಳಿದರೆ ಆ ಉರಿ ತಗ್ಗಿ ಹುಳಿ ಉಳಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ಬಯಲು ವೈನಿಗೆ ಒದಗಿಬಂದದ್ದು ಹೀಗೆ. ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ನೀರು ನಿಲ್ಲದಿರುವುದೂ ಒಂದು ಅನುಕೂಲ.

ಹಣ್ಣು ಹದಕ್ಕೆ ಬಂತೇ ಎಂದು ಅಳೆಯುವುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಒಂದು ಬ್ಲಾಕಿನ ಉದ್ದಗಲ ನಡೆದು, ಗೊಂಚಲಿನ ಭುಜದಿಂದ ಒಂದು, ನಡುವಿನಿಂದ ಒಂದು, ತುದಿಯಿಂದ ಒಂದು ಎಂದು ನೂರು ಕಾಯಿ ಬಿಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕುತ್ತಾರೆ. ಕವರಿನಲ್ಲೇ ಕಿವುಚಿ, ರಸದ ಒಂದು ಹನಿಯನ್ನು ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದರೆ ನೀಲಿ ಬಿಳಿ ಕೂಡುವ ಗೆರೆ ಸಕ್ಕರೆಯ ಅಂಶ ತೋರಿಸುತ್ತದೆ. ನೆರಳಿನ ಕಡೆಯ ಕಾಯಿ ಬಿಟ್ಟು ಬಿಸಿಲಿನ ಕಡೆಯದನ್ನಷ್ಟೇ ಕಿತ್ತರೆ ಅಳತೆ ಒಂದೆರಡು ಅಂಕ ಸುಳ್ಳು ಹೇಳುತ್ತದೆ. ಚುರುಕು ವೈನಿಗೆ 20ರಿಂದ 22 ಬ್ರಿಕ್ಸ್ ಸಾಕು, ಅಂದರೆ 100 ಗ್ರಾಂ ರಸದಲ್ಲಿ ಅಷ್ಟು ಗ್ರಾಂ ಸಕ್ಕರೆ. 21 ಬ್ರಿಕ್ಸ್ ಅಂದರೆ ಕೊನೆಗೆ ಹತ್ತಿರ ಹತ್ತಿರ ಶೇಕಡ 12 ಆಲ್ಕೋಹಾಲ್. ಇನ್ನೂ ಸಿಹಿಯಾಗಲಿ ಎಂದು ಕಾದರೆ ಹುಳಿ ಜಾರಿ ವೈನ್ ಸಪ್ಪೆಯಾಗುತ್ತದೆ, ಆಲ್ಕೋಹಾಲ್ ಗಂಟಲಿಗೆ ಬಿಸಿ ಹತ್ತುತ್ತದೆ. ಆತುರಪಟ್ಟು ಕೊಯ್ದರೆ ಸೋವಿನ್ಯೋನ್‌ನಲ್ಲಿ ಹಸಿ ದೊಣ್ಣೆಮೆಣಸಿನಕಾಯಿ ವಾಸನೆಯೊಂದೇ ಉಳಿಯುತ್ತದೆ. ಆ ವಾಸನೆಗೆ ಕಾರಣ ಪೈರಜೀನ್ ಎಂಬ ವಸ್ತು. ಗೊಂಚಲಿಗೆ ಬೆಳಕು ತಾಗಿದಷ್ಟೂ ಅದು ಇಳಿಯುತ್ತದೆ. ಹಾಗೆಂದು ಎಲೆಯೆಲ್ಲ ಕಿತ್ತುಹಾಕಿದರೆ ನಮ್ಮ ಬಿಸಿಲಿಗೆ ಕಾಯಿ ಬೆಂದು ಕಂದುತ್ತದೆ. ಮುಂಜಾನೆಯ ಎಳೆಬಿಸಿಲು ಬೀಳುವ ಬದಿಯಲ್ಲಿ ಮಾತ್ರ ಎಲೆ ತೆಗೆದು, ಮಧ್ಯಾಹ್ನದ ಬದಿಯದನ್ನು ಹಾಗೇ ಬಿಡುವುದು ಜಾಣತನ.

ಸಂಜೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ, ಕಲ್ಯಾಣಿ. ಸಮಯವಿದ್ದರೆ 1,478 ಮೀಟರ್ ಎತ್ತರದ ಬೆಟ್ಟ. ವಾರಾಂತ್ಯವಾದರೆ ಬೆಟ್ಟದ ಆಸೆ ಬಿಡಿ, ಗಾಡಿಗಳ ಸಾಲಿನಲ್ಲೇ ಹೊತ್ತು ಹೋಗುತ್ತದೆ.

ರಾತ್ರಿ ರೂಮಿನಲ್ಲಿ ಒಂದು ತಾಲೀಮು. ವೈನ್ ಬೇಡ, ಎರಡು ನಿಂಬೆಹಣ್ಣು ಸಾಕು. ಮೂರು ಲೋಟಕ್ಕೆ ತಲಾ 100 ಮಿಲಿ ನೀರು ಹಾಕಿ, ಒಂದಕ್ಕೆ 5, ಇನ್ನೊಂದಕ್ಕೆ 10, ಮತ್ತೊಂದಕ್ಕೆ 15 ಮಿಲಿ ನಿಂಬೆರಸ ಹಿಂಡಿ. ನಡುವಿನದು ಲೀಟರಿಗೆ ಐದಾರು ಗ್ರಾಂ ಆಮ್ಲದಷ್ಟಾಗುತ್ತದೆ, ಚುರುಕು ವೈನಿನ ಆಸುಪಾಸು. ಒಂದೊಂದು ಗುಟುಕು ಬಾಯಲ್ಲಿ ಐದು ಸೆಕೆಂಡ್ ಇಟ್ಟು ಉಗಿದು, ದವಡೆಯ ಒಳಬದಿಯಲ್ಲಿ ನೀರೂರುವುದು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಗಮನಿಸಿ. ನಾಲಿಗೆಯ ಅಂಚಿನಲ್ಲಿ ಮಾತ್ರ ಹುಳಿ ಗೊತ್ತಾಗುತ್ತದೆ ಅನ್ನುವ ಹಳೆಯ ನಕ್ಷೆ ತಪ್ಪು, ನಾಲಿಗೆಯ ಎಲ್ಲ ಭಾಗಕ್ಕೂ ಎಲ್ಲ ರುಚಿಯೂ ತಿಳಿಯುತ್ತದೆ. ಹುಳಿಯ ನಿಜವಾದ ಅಳತೆ ಜೊಲ್ಲು. ಆಮೇಲೆ ಮೂರನೇ ಲೋಟಕ್ಕೆ ಒಂದು ಚಮಚ ಸಕ್ಕರೆ ಕದಡಿ ಕುಡಿಯಿರಿ. ಹುಳಿ ಕಮ್ಮಿಯಾದಂತೆ ಅನ್ನಿಸುತ್ತದೆ, ಜೊಲ್ಲು ಮಾತ್ರ ಅಷ್ಟೇ ಸುರಿಯುತ್ತದೆ. ನಾಳೆ ಶೆನಿನ್ ಗ್ಲಾಸಿನ ಮುಂದೆ ಇದು ಕೆಲಸಕ್ಕೆ ಬರುತ್ತದೆ.

ಎರಡನೇ ದಿನ: ಪ್ರೆಸ್, ಟ್ಯಾಂಕ್, ಗ್ಲಾಸ್

ಬೆಳಗಿನ ಕಾಫಿ ಇವತ್ತು ಬೇಡ, ಕುಡಿಯಲೇಬೇಕಾದರೆ ಟೇಸ್ಟಿಂಗ್‌ಗೆ ಎರಡು ಗಂಟೆ ಮೊದಲೇ ಮುಗಿಸಿ. ಸೆಂಟು, ಗಂಧದಕಡ್ಡಿ ಹಚ್ಚಿದ ರೂಮಿನಲ್ಲಿಟ್ಟ ಬಟ್ಟೆ, ಎಲೆಅಡಿಕೆ, ಮುಡಿಗೆ ಮಲ್ಲಿಗೆ, ಎಲ್ಲವೂ ಮೂಗಿಗೆ ಅಡ್ಡ. ಹೂವಿನ ಊರಿನಲ್ಲಿ ಹೂ ಮುಡಿಯಬೇಡಿ ಅನ್ನುವುದು ಕಷ್ಟದ ಮಾತೇ, ಆದರೆ ಪಕ್ಕದವರ ಮಲ್ಲಿಗೆಯ ಮುಂದೆ ಸೋವಿನ್ಯೋನ್‌ನ ಪರಿಮಳ ಗೆಲ್ಲುವುದಿಲ್ಲ.

ನಂದಿ ಬೆಟ್ಟದ ಬುಡದ ವೈನ್ ಅಂದರೆ ಮೊದಲು ನೆನಪಾಗುವುದು ಗ್ರೋವರ್. ಕನ್ವಲ್ ಗ್ರೋವರ್ 1988ರಲ್ಲಿ ಕಟ್ಟಿದ ಸಂಸ್ಥೆ, 2012ರಲ್ಲಿ ನಾಸಿಕ್ ಕಡೆಯ ಇನ್ನೊಂದು ಕಂಪನಿಯ ಜೊತೆ ಸೇರಿ ಗ್ರೋವರ್ ಜಾಂಪಾ ಆಯಿತು. ಅದರ ವೈನರಿ ಇರುವುದು ಬೆಟ್ಟದ ಆಚೆ ಬದಿ, ದೊಡ್ಡಬಳ್ಳಾಪುರ ತಾಲೂಕಿನಲ್ಲಿ. ಕಾಗದದ ಮೇಲೆ ಅದು ಬೇರೆ ಜಿಲ್ಲೆ, ಗಾಳಿ ಮಣ್ಣು ಇತ್ತಕಡೆಯದೇ. ಮೊದಲೇ ಫೋನ್ ಮಾಡಿ ಹೋಗಬೇಕು. 21 ವರ್ಷ ತುಂಬದವರಿಗೆ ವೈನ್ ಕೊಡುವುದಿಲ್ಲ.

ಒಳ್ಳೆಯ ಕೊಯ್ಲು ಬೆಳಗಿನ ಒಂಬತ್ತು, ಒಂಬತ್ತೂವರೆಗೆ ಮುಗಿದಿರುತ್ತದೆ. ಆ ಹೊತ್ತಿನ ಹಣ್ಣು ಮುಟ್ಟಿದರೆ ತಣ್ಣಗಿರಬೇಕು. ಬಿಸಿ ಹಣ್ಣು ಬಂದರೆ ರಸ ಬೇಗ ಕಂದುತ್ತದೆ, ಕಾಡು ಈಸ್ಟ್ ಕ್ರೇಟಿನಲ್ಲೇ ಕೆಲಸ ಶುರುಮಾಡುತ್ತದೆ. ತೊಟ್ಟು ಬಿಡಿಸಿದ ಹಣ್ಣು ಪ್ರೆಸ್ಸಿಗೆ ಹೋಗುತ್ತದೆ. ಒಳಗೆ ಗಾಳಿ ತುಂಬುವ ರಬ್ಬರ್ ಚೀಲ ನಿಧಾನವಾಗಿ ಉಬ್ಬಿ ಹಣ್ಣನ್ನು ಒತ್ತುತ್ತದೆ. ಮೊದಲು ತಾನಾಗಿ ಇಳಿಯುವ ರಸ ಉತ್ತಮ, ಕೊನೆಕೊನೆಗೆ ಬಲವಾಗಿ ಒತ್ತಿದ್ದರಲ್ಲಿ ಸಿಪ್ಪೆ ಬೀಜದ ಕಹಿ ಒಗರು ಸೇರುತ್ತದೆ. ಅದನ್ನು ಬೇರೆ ಟ್ಯಾಂಕಿಗೆ ತಿರುಗಿಸಬೇಕು. ಕಿಲೋ ಹಣ್ಣಿಗೆ 600ರಿಂದ 700 ಮಿಲಿ ಸಿಕ್ಕರೆ ಸರಿಯಾದ ಲೆಕ್ಕ. ಅದಕ್ಕಿಂತ ಹೆಚ್ಚು ಹಿಂಡಿದರೆ ಲಾಭ ಬಾಟಲಿಯ ಸಂಖ್ಯೆಯಲ್ಲಿ, ನಷ್ಟ ನಾಲಿಗೆಯಲ್ಲಿ.

ರಸ ಹತ್ತು ಡಿಗ್ರಿಯ ಒಳಗೆ ಒಂದೆರಡು ದಿನ ನಿಂತರೆ ಗಸಿ ಇಳಿಯುತ್ತದೆ. ತಿಳಿಯನ್ನು ಮಾತ್ರ ಎಳೆದು ಈಸ್ಟ್ ಹಾಕುತ್ತಾರೆ. ಹುದುಗು 13ರಿಂದ 15 ಡಿಗ್ರಿಯಲ್ಲಿ ಎರಡು ಮೂರು ವಾರ ನಡೆಯಬೇಕು. ಟ್ಯಾಂಕಿನ ಹೊರಕವಚದಲ್ಲಿ ಗ್ಲೈಕಾಲ್ ಎಂಬ ತಂಪು ದ್ರವ ಓಡುವುದು ಇದಕ್ಕೇ. 22 ಡಿಗ್ರಿ ದಾಟಿದರೆ ಹುದುಗು ವಾರದೊಳಗೆ ಮುಗಿದುಹೋಗುತ್ತದೆ, ಪರಿಮಳ ಗ್ಯಾಸಿನ ಜೊತೆ ಹೊರಟುಹೋಗಿ ಷೆಡ್ಡೆಲ್ಲ ಘಮಘಮ, ವೈನ್ ಬೋಳು. ಕೆಂಪು ವೈನಿನಲ್ಲಿ ಮಾಡಿಸುವ ಎರಡನೇ ಹುದುಗನ್ನು ಇಲ್ಲಿ ಬೇಕೆಂದೇ ತಡೆಯುತ್ತಾರೆ. ಬ್ಯಾಕ್ಟೀರಿಯಾ ಕೈಗೆ ಸಿಕ್ಕರೆ ಸೇಬಿನ ಮ್ಯಾಲಿಕ್ ಆಮ್ಲ ಮೊಸರಿನ ಲ್ಯಾಕ್ಟಿಕ್ ಆಮ್ಲವಾಗಿ, ಚುರುಕೆಲ್ಲ ಮೆತ್ತಗಾಗುತ್ತದೆ. ಬಾಟಲಿಗೆ ತುಂಬುವ ಮೊದಲು ಸೊನ್ನೆ ಡಿಗ್ರಿಯ ಹತ್ತಿರ ಅಥವಾ ಇನ್ನೂ ಕೆಳಗೆ ತಂಪು ಮಾಡಿ ಟಾರ್ಟಾರಿಕ್ ಹರಳುಗಳನ್ನು ಇಳಿಸುತ್ತಾರೆ. ಇದು ಸರಿಯಾಗದಿದ್ದರೆ ಮನೆಯ ಫ್ರಿಜ್ಜಿನಲ್ಲಿ ಬಾಟಲಿ ತಳಕ್ಕೆ ಗಾಜಿನ ಚೂರಿನಂಥ ಹರಳು ಕೂರುತ್ತದೆ. ಅಪಾಯವೇನಿಲ್ಲ, ಅಂಗಡಿಯವರ ಜೊತೆ ಜಗಳವೂ ಬೇಡ.

ಇನ್ನು ಗ್ಲಾಸು. ರುಚಿ ನೋಡಲೆಂದೇ ಅಳತೆ ಕಟ್ಟಿದ ಐಎಸ್‌ಒ ಗ್ಲಾಸಿನಲ್ಲಿ 215 ಮಿಲಿ ಹಿಡಿಯುತ್ತದೆ, ಸುರಿಯುವುದು 50 ಮಾತ್ರ. ಉಳಿದ ಜಾಗ ಪರಿಮಳಕ್ಕೆ. ಕಾಂಡ ಹಿಡಿಯಬೇಕು, ಬಟ್ಟಲನ್ನಲ್ಲ. ವೈನ್ 8ರಿಂದ 10 ಡಿಗ್ರಿ ಇರಬೇಕು. ಫ್ರಿಜ್ಜಿನಿಂದ ನೇರ ಸುರಿದರೆ 4-5 ಡಿಗ್ರಿ ಇರುತ್ತದೆ, ಆಗ ಹುಳಿ ಬಿಟ್ಟು ಬೇರೇನೂ ಸಿಗುವುದಿಲ್ಲ. ದೋಷವಿರುವ ವೈನನ್ನು ಬಚ್ಚಿಡುವ ಸುಲಭ ದಾರಿಯೂ ಅದೇ. ಅಂಥ ಗ್ಲಾಸು ಬಂದರೆ ಅಂಗೈಯಲ್ಲಿ ಬಟ್ಟಲು ಹಿಡಿದು ಎರಡು ಮೂರು ನಿಮಿಷ ಬಿಸಿ ಕೊಡಿ. ಫೆಬ್ರವರಿ ಮಧ್ಯಾಹ್ನದ ಸೆಕೆಯಲ್ಲಿ ಗ್ಲಾಸಿನ ವೈನ್ ಹತ್ತು ನಿಮಿಷಕ್ಕೆ ನಾಲ್ಕೈದು ಡಿಗ್ರಿ ಏರುತ್ತದೆ. 16 ಮುಟ್ಟಿದ ಮೇಲೆ ಅದೇ ವೈನ್ ಜೋಲುಬೀಳುತ್ತದೆ. ಸಾಧ್ಯವಾದರೆ ಒಂದೇ ವೈನನ್ನು 5, 9, 16 ಡಿಗ್ರಿಯಲ್ಲಿ ಪಕ್ಕಪಕ್ಕ ಇಟ್ಟು ನೋಡಲು ಕೇಳಿ. ಇಡೀ ಪ್ರವಾಸದಲ್ಲಿ ಇದಕ್ಕಿಂತ ಲಾಭದ ಅರ್ಧ ಗಂಟೆ ಸಿಗುವುದಿಲ್ಲ.

ಮೊದಲು ಬಿಳಿ ಹಾಳೆಯ ಮುಂದೆ ವಾಲಿಸಿ ನೋಡುವುದು. ಎಳೆಯ ಸೋವಿನ್ಯೋನ್‌ಗೆ ತೆಳು ಹುಲ್ಲಿನ ಬಣ್ಣ, ಅಂಚಿನಲ್ಲಿ ಹಸಿರು ಛಾಯೆ. ಹಳದಿ ಚಿನ್ನಕ್ಕೆ ತಿರುಗಿದ್ದರೆ ವಯಸ್ಸಾಗಿದೆ ಅಥವಾ ಗಾಳಿ ಹೊಕ್ಕಿದೆ. ಆಮೇಲೆ ಗ್ಲಾಸನ್ನು ಅಲ್ಲಾಡಿಸದೆ ಒಮ್ಮೆ ಮೂಸಿ, ಸುತ್ತಿಸಿ ಇನ್ನೊಮ್ಮೆ ಮೂಸಿ. ಒಂದೇ ಸಮನೆ ಎಳೆಯುತ್ತಿದ್ದರೆ ಮೂಗು ಸೋಲುತ್ತದೆ, ಎರಡು ಚಿಕ್ಕ ಉಸಿರು ಸಾಕು. ಸೋವಿನ್ಯೋನ್‌ನಲ್ಲಿ ಸೀಬೆಕಾಯಿ, ಚಕ್ಕೋತ, ಕತ್ತರಿಸಿದ ಹುಲ್ಲು, ದೊಣ್ಣೆಮೆಣಸು. ಶೆನಿನ್‌ನಲ್ಲಿ ಹಸಿರು ಸೇಬು, ಮರಸೇಬು, ಸ್ವಲ್ಪ ಜೇನು. ಪುಸ್ತಕದಲ್ಲಿರುವ ಗೂಸ್‌ಬೆರಿಯನ್ನು ಕಾಣದವರು ಅದರ ಹೆಸರು ಹೇಳುವುದರಲ್ಲಿ ಅರ್ಥವಿಲ್ಲ. ಸಂತೆಯ ಸೀಬೆಕಾಯಿ ಮೂಸಿ ಬಲ್ಲ ಮೂಗಿಗೆ ಅದೇ ಸಾಕು.

ಬಾಯಿಗೆ ಹತ್ತು ಮಿಲಿ. ತುಟಿ ಸ್ವಲ್ಪ ತೆರೆದು ಗಾಳಿ ಎಳೆದು, ಎಂಟು ಹತ್ತು ಸೆಕೆಂಡ್ ಬಾಯಿ ತುಂಬ ತಿರುಗಿಸಿ, ಬಕೆಟ್ಟಿಗೆ ಉಗಿಯಿರಿ. ಉಗಿಯಲು ನಾಚಿಕೆ ಬೇಡ, ಇಲ್ಲಿ ಅದೇ ಮರ್ಯಾದೆ. ಉಗಿದ ಮೇಲೆ ಮೂರು ಪ್ರಶ್ನೆ. ಜೊಲ್ಲು ಎಷ್ಟು ಹೊತ್ತು ಊರಿತು? ಹಣ್ಣಿನ ರುಚಿ ಹುಳಿಗಿಂತ ಮೊದಲೇ ಸತ್ತಿತೇ, ಜೊತೆಯಲ್ಲಿ ಉಳಿಯಿತೇ? ತುಟಿ ಅಂಟುತ್ತಿದೆಯೇ? ಮೊದಲನೆಯದು ಹುಳಿಯ ಪ್ರಮಾಣ ಹೇಳುತ್ತದೆ, ಎರಡನೆಯದು ಗುಣ. ಹುಳಿಯೊಂದೇ ಉಳಿದರೆ ಅದು ತೆಳ್ಳಗಿನ ವೈನ್, ಎಷ್ಟೇ ಚುರುಕಿದ್ದರೂ ಹೊಗಳಬೇಕಾಗಿಲ್ಲ. ಮೂರನೆಯದು ಸಕ್ಕರೆಯನ್ನು ಹಿಡಿದುಕೊಡುತ್ತದೆ. ಲೀಟರಿಗೆ 4 ಗ್ರಾಂ ಒಳಗಿದ್ದರೆ ಡ್ರೈ. ನಮ್ಮ ದೇಶದ ಶೆನಿನ್‌ಗಳಲ್ಲಿ ಎಷ್ಟೋ ಅದಕ್ಕಿಂತ ಸಿಹಿ. ನಿನ್ನೆಯ ಸಕ್ಕರೆ ಹಾಕಿದ ನಿಂಬೆನೀರು ನೆನೆದರೆ ಗೊತ್ತಾಗುತ್ತದೆ, ಹುಳಿ ಕಮ್ಮಿ ಅನ್ನಿಸಿದರೂ ದವಡೆ ಸುಳ್ಳು ಹೇಳುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವ ನಡುವೆ ನೀರು, ಉಪ್ಪು ಖಾರ ಹಾಕದ ಪುರಿ ಒಂದು ಹಿಡಿ. ವೈನರಿಯವರು ಕೊಡುವ ಮಸಾಲೆ ಕಡಲೆಬೀಜವನ್ನು ಕೊನೆಗಿಟ್ಟುಕೊಳ್ಳಿ.

ಕೆಟ್ಟ ವೈನಿನ ಗುರುತು ತಿಳಿದಿದ್ದರೆ ಒಳ್ಳೆಯದರ ಬೆಲೆ ಗೊತ್ತಾಗುತ್ತದೆ. ಒದ್ದೆ ರಟ್ಟು, ಮುಗ್ಗಿದ ಗೋಣಿಚೀಲದ ವಾಸನೆ ಬಂದರೆ ಕಾರ್ಕಿನ ದೋಷ, ಏನು ಮಾಡಿದರೂ ಹೋಗದು. ವಿನೆಗರ್ ಅಥವಾ ನೈಲ್ ಪಾಲಿಶ್ ವಾಸನೆಯೂ ಅಷ್ಟೇ, ಅದನ್ನು ಹುಳಿ ಜಾಸ್ತಿ ಎಂದು ಒಪ್ಪಿಕೊಳ್ಳಬೇಡಿ. ಒಳ್ಳೆಯ ಹುಳಿಗೆ ಮೂಗಿನಲ್ಲಿ ಚುಚ್ಚು ಇರುವುದಿಲ್ಲ. ಹೆಚ್ಚಿಟ್ಟು ಕಂದಿದ ಸೇಬಿನ ವಾಸನೆ ಗಾಳಿ ಹೊಕ್ಕಿದ್ದರ ಗುರುತು. ಕೊಳೆತ ಮೊಟ್ಟೆ ಅಥವಾ ಬೆಂಕಿಕಡ್ಡಿಯ ವಾಸನೆಗೆ ಮಾತ್ರ ಕ್ಷಮೆಯುಂಟು: ಗ್ಲಾಸನ್ನು ಚೆನ್ನಾಗಿ ಸುತ್ತಿಸಿ ಐದು ನಿಮಿಷ ಬಿಟ್ಟರೆ ಎಷ್ಟೋ ಸಲ ಹೋಗುತ್ತದೆ.

ಮೂರನೇ ದಿನ: ಊಟ, ಖರೀದಿ, ಸಾಗಣೆ

ಚಿಕ್ಕಬಳ್ಳಾಪುರದ ಊಟದ ಜೊತೆ ಈ ವೈನ್ ಹೊಂದುತ್ತದೆಯೇ? ಎಲ್ಲದಕ್ಕೂ ಇಲ್ಲ. ಊಟಕ್ಕಿಂತ ವೈನ್ ಹುಳಿಯಾಗಿರಬೇಕು ಅನ್ನುವುದು ಮೊದಲ ನಿಯಮ. ಹುಣಸೆರಸ ಹಿಂಡಿದ ಬಸ್ಸಾರಿನ ಮುಂದೆ ಎಂಥ ಸೋವಿನ್ಯೋನ್ ಕೂಡ ನೀರು ನೀರು. ಖಾರದ ನಾಟಿಕೋಳಿ ಸಾರು, ಮುದ್ದೆಗೂ ಬೇಡ. ಆಲ್ಕೋಹಾಲ್ ಮೆಣಸಿನಕಾಯಿಯ ಉರಿ ಹೆಚ್ಚಿಸುತ್ತದೆ, ಮುದ್ದೆ ನುಂಗಿದ ಬಾಯಿಗೆ ಮಜ್ಜಿಗೆಯೇ ಸರಿ. ಖಾರದ ಜೊತೆ ಕುಡಿಯಲೇಬೇಕಾದರೆ ಸ್ವಲ್ಪ ಸಿಹಿಯುಳಿದ ಶೆನಿನ್ ವಾಸಿ.

ಹೊಂದುವುದು ಉಪ್ಪು ಮತ್ತು ಎಣ್ಣೆ. ಬಿಸಿ ನಿಪ್ಪಟ್ಟಿಗೆ ಸೋವಿನ್ಯೋನ್ ಹೇಳಿಮಾಡಿಸಿದ ಜೋಡಿ: ಉಪ್ಪು ಹುಳಿಯನ್ನು ಮೆದುಗೊಳಿಸುತ್ತದೆ, ಹುಳಿ ಬಾಯಿಯ ಜಿಡ್ಡನ್ನು ತೊಳೆಯುತ್ತದೆ. ಕೆರೆಮೀನಿನ ಫ್ರೈ ಆದರೆ ಅಚ್ಚಖಾರದ ಬದಲು ಉಪ್ಪು, ಕಾಳುಮೆಣಸು, ಅಕ್ಕಿಹಿಟ್ಟು ಹಚ್ಚಿ ಹುರಿಯಲು ಹೇಳಿ. ನಿಂಬೆಹೋಳು ಬೇಡ, ಗ್ಲಾಸಿನಲ್ಲೇ ಇದೆ. ಹೆಸರುಬೇಳೆ ಕೋಸಂಬರಿಯೂ ಸೊಗಸು, ನಿಂಬೆಯನ್ನು ಅರ್ಧಕ್ಕಿಳಿಸಿ ಸೌತೆಕಾಯಿ ಜಾಸ್ತಿ ಮಾಡಿದರೆ. ಅವರೆಕಾಯಿ ಇನ್ನೂ ಸಿಗುತ್ತಿದ್ದರೆ ಹಿದುಕಿದ ಬೇಳೆಯನ್ನು ಎಣ್ಣೆಯಲ್ಲಿ ಕರಿದು ಉಪ್ಪು ಹಾಕಿ. ಸೊಗಡಿನ ಹಸಿರು ವಾಸನೆಗೂ ಸೋವಿನ್ಯೋನ್‌ನ ಹಸಿರಿಗೂ ಚೆನ್ನಾಗಿ ಕೂಡುತ್ತದೆ.

ಬಾಟಲಿ ಕೊಳ್ಳುವುದು ವೈನರಿಯಲ್ಲೇ ಆಗಲಿ. ನಮ್ಮ ಊರುಗಳ ವೈನ್ ಶಾಪಿನಲ್ಲಿ ಸಿಗದೇ ಇರುವ ವಸ್ತು ಎಂದರೆ ವೈನು. ಒಂದೆರಡು ಇದ್ದರೂ ಬಿಸಿಲು ಬೀಳುವ ಮೇಲ್ತಟ್ಟಿನಲ್ಲಿ ವರ್ಷಗಟ್ಟಲೆ ನಿಂತಿರುತ್ತವೆ. ಲೇಬಲ್ಲಿನಲ್ಲಿ ಕೊಯ್ಲಿನ ವರ್ಷ ನೋಡಿ, ಎರಡು ವರ್ಷ ದಾಟಿದ್ದರೆ ಬಿಟ್ಟುಬಿಡಿ. ಈ ವೈನ್ ಇಟ್ಟಷ್ಟೂ ಒಳ್ಳೆಯದಾಗುವ ಜಾತಿಯದಲ್ಲ. ತಿರುಗಿಸುವ ಮುಚ್ಚಳವನ್ನು ಅಗ್ಗವೆಂದು ಕಡೆಗಣಿಸಬೇಡಿ, ಚುರುಕು ವೈನಿಗೆ ಅದೇ ಕ್ಷೇಮ. ಕಾರ್ಕ್ ಇದ್ದರೆ ಅದು ಮೇಲೆ ಉಬ್ಬಿಲ್ಲವೇ, ಕುತ್ತಿಗೆಯಲ್ಲಿ ಅಂಟಂಟು ಇಲ್ಲವೇ ನೋಡಿ. ಎರಡೂ ಬಿಸಿ ತಿಂದ ಬಾಟಲಿಯ ಲಕ್ಷಣ.

ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ 50 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಊಟಕ್ಕೆಂದು ಗಾಡಿ ನಿಲ್ಲಿಸಿದ ಒಂದೂವರೆ ಗಂಟೆ ಸಾಕು, ಮೂರು ತಿಂಗಳು ತಂಪು ಕಾಯ್ದ ಶ್ರಮ ಡಿಕ್ಕಿಯಲ್ಲಿ ಬೇಯುತ್ತದೆ. ಮೀನಿನ ಅಂಗಡಿಯವರು ಬಳಸುವ ಥರ್ಮಾಕೋಲ್ ಪೆಟ್ಟಿಗೆ ಒಂದು ತಂದು, ಬಾಟಲಿಗಳ ನಡುವೆ ನೀರು ತುಂಬಿ ಹೆಪ್ಪುಗಟ್ಟಿಸಿದ ಎರಡು ಪ್ಲಾಸ್ಟಿಕ್ ಬಾಟಲಿ ಇಟ್ಟರೆ ಬೆಂಗಳೂರು ಮುಟ್ಟುವವರೆಗೆ ಚಿಂತೆಯಿಲ್ಲ. ಬಿಡಿ ಐಸ್ ಹಾಕಿದರೆ ಕರಗಿ ಲೇಬಲ್ ಕಿತ್ತುಬರುತ್ತದೆ.

ಮನೆಯಲ್ಲಿ ಕುಡಿಯುವ ದಿನ ಫ್ರಿಜ್ಜಿನಲ್ಲಿ ಮೂರು ಗಂಟೆ ಇಟ್ಟು, ಹತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ. ನೆಂಟರು ಬಾಗಿಲಲ್ಲಿ ನಿಂತಿದ್ದರೆ ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು. 20 ನಿಮಿಷದಲ್ಲಿ ಹದಕ್ಕೆ ಬರುತ್ತದೆ. ಬರೀ ಐಸ್ ತುಂಬಿದರೆ ತುಂಡುಗಳ ನಡುವೆ ಗಾಳಿ ನಿಂತು ತಡವಾಗುತ್ತದೆ. ಫ್ರೀಜರಿನಲ್ಲಿಟ್ಟು ಮರೆತರೆ ವೈನ್ ಹಿಗ್ಗಿ ಮುಚ್ಚಳ ಸಡಿಲವಾಗುತ್ತದೆ ಅಥವಾ ಗಾಜೇ ಸೀಳುತ್ತದೆ. ಅರ್ಧ ಉಳಿದರೆ, 375 ಮಿಲಿಯ ಸಣ್ಣ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ ಬಿಗಿದು ಫ್ರಿಜ್ಜಿಗೆ ಸೇರಿಸಿ, ಮೂರು ದಿನ ಚೆನ್ನಾಗಿರುತ್ತದೆ. ದೊಡ್ಡ ಬಾಟಲಿಯಲ್ಲೇ ಬಿಟ್ಟರೆ ಮರುದಿನ ಸಂಜೆಗೇ ಸೀಬೆಕಾಯಿಯ ಘಮ ಹೋಗಿ ಕಂದಿದ ಸೇಬು ಶುರು.